ಕಾನೂನು ಪ್ರಕಾರ ಒಡೆದ ಗೋಡೆ

ಈ ಊರಿನಲ್ಲಿ ಕಾನೂನನ್ನು ಅಕ್ಷರ ಅಕ್ಷರವಾಗಿ ಓದಿದವರು ಇಬ್ಬರೇ. ಒಬ್ಬರು ಯಾರಾದರೂ ನ್ಯಾಯಾಧೀಶರು ಇರಬಹುದು, ಖಚಿತವಿಲ್ಲ. ಇನ್ನೊಬ್ಬ ಮಾತ್ರ ಖಚಿತವಾಗಿ ನಾನು!

ಸರ್ಕಾರಿ ಮುದ್ರಣಾಲಯದಲ್ಲಿ ನನ್ನದು ಪ್ರೂಫ್ ನೋಡುವ ಕೆಲಸ. ಸರ್ಕಾರದ ಪ್ರತಿಯೊಂದು ಕಾಯ್ದೆ, ನಿಯಮ, ಉಪನಿಯಮ ಜನರ ತಲೆಯ ಮೇಲೆ ಬೀಳುವ ಮೊದಲು ನನ್ನ ಮೇಜಿನ ಮೇಲೆ ಬೀಳುತ್ತದೆ. ಮೀನಿನ ಬಲೆಯ ಕಣ್ಣು ಎಷ್ಟು ಅಗಲವಿರಬೇಕು, ತಕ್ಕಡಿಯ ಮುಳ್ಳು ಎಷ್ಟು ಅಲುಗಿದರೆ ಅಪರಾಧ, ಸ್ಮಶಾನದ ಗೇಟು ಎಷ್ಟು ಹೊತ್ತಿಗೆ ಮುಚ್ಚಬೇಕು, ಎಲ್ಲವೂ ನನ್ನ ನಾಲಿಗೆಯ ತುದಿಯಲ್ಲಿ. ಇಂಥ ಜ್ಞಾನಭಂಡಾರವನ್ನು ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ ಎಂಬುದು ಬೇರೆ ಮಾತು. ಹಾಗಾಗಿ ನನ್ನಾಕೆ ಒಂದು ದಿನ, "ರೀ, ಬಿಸ್ಕತ್ತಿಗೆ ಲೈಸೆನ್ಸ್ ಮಾಡಿಸ್ಬೇಕಂತೆ, ಹೇಗೆ?" ಎಂದು ಕೇಳಿದಾಗ ನಾನು ಕುರ್ಚಿಯಿಂದ ಎದ್ದೇ ನಿಂತೆ.

ಬಿಸ್ಕತ್ತಿನ ವಿಷಯ ಹೇಳಬೇಕು. ನನ್ನಾಕೆಯ ಬಿಸ್ಕತ್ತು ಬಾಯಲ್ಲಿಟ್ಟರೆ ಕರಗುತ್ತದೆ. ನಮ್ಮ ಬೀದಿಯ ಬಾಯಲ್ಲಿ ಅದು ಹತ್ತಾರು ವರ್ಷಗಳಿಂದ ಕರಗುತ್ತಲೇ ಇತ್ತು, ಪುಕ್ಕಟೆಯಾಗಿ! ನೆರೆಹೊರೆಯವರ ಹತ್ತಿರ ದುಡ್ಡು ಕೇಳಬಾರದು ಎಂಬುದು ಯಾವ ಮುದ್ರಣಾಲಯದಲ್ಲೂ ಅಚ್ಚಾಗದ ಕಾನೂನು. ನೆರೆಹೊರೆಯವರು ಆ ಒಂದು ಕಾನೂನನ್ನು ಬಹಳ ಶ್ರದ್ಧೆಯಿಂದ ಪಾಲಿಸುತ್ತಿದ್ದರು. "ನಿಮ್ಮ ಕೈಗೆ ಚಿನ್ನದ ಬಳೆ ಹಾಕ್ಬೇಕು" ಎನ್ನುವರು, ಡಬ್ಬಿ ಖಾಲಿ ಮಾಡಿ ಹಿಂದಿರುಗಿಸುವರು. "ಹೊಗಳಿಕೆ ಹಾಕಿ ಒಲೆ ಹಚ್ಚಕ್ಕಾಗತ್ತಾ?" ಎಂದು ಇವಳು ಒಳಗೆ ಗೊಣಗುವಳು, ಹೊರಗೆ ಬಂದು ನಗುವಳು.

ಅಂಥದ್ದರಲ್ಲಿ ಮುಖ್ಯರಸ್ತೆಯ ದಿನಸಿ ಅಂಗಡಿಯವರು ಒಂದು ಬಿಸ್ಕತ್ತು ತಿಂದು, "ಅಕ್ಕಾ, ದಿನಾ ಕೊಡಿ, ನಾನು ಮಾರ್ತೀನಿ. ಲೈಸೆನ್ಸ್ ಒಂದು ತೋರಿಸ್ಬಿಡಿ. ಈ ವಾರ ಆಗ್ಲಿಲ್ಲ ಅಂದ್ರೆ ಕೌಂಟರ್ ಮೇಲಿನ ಜಾಗ ಬೇರೆಯವರಿಗೆ ಹೋಗತ್ತೆ, ಬೇಜಾರ್ ಮಾಡ್ಕೋಬೇಡಿ" ಎಂದಿದ್ದರು. ಅಂದು ಮನೆಗೆ ಬಂದವಳ ಮುಖ ನೋಡಬೇಕಿತ್ತು. ನನ್ನನ್ನು ಮದುವೆಯಾದ ದಿನವೂ ಅವಳು ಅಷ್ಟು ಖುಷಿಯಾಗಿದ್ದ ನೆನಪಿಲ್ಲ.

"ಕಾನೂನಿನ ಭಾಗ ನನಗೆ ಬಿಡು!" ಎಂದು ಘೋಷಿಸಿದೆ. "ನೀನು ಹಿಟ್ಟು ಕಲಸು, ಸಾಕು. ಇನ್ಸ್‌ಪೆಕ್ಟರ್ ಬಂದವರು ನಮ್ಮ ಅಡುಗೆಮನೆ ನೋಡಿ ನಮಸ್ಕಾರ ಹಾಕಿ ಹೋಗ್ಬೇಕು, ಹಾಗೆ ಮಾಡ್ತೀನಿ."

"ಅಷ್ಟೆಲ್ಲಾ ಬೇಡ ರೀ. ಸಹಿ ಹಾಕಿ ಹೋದ್ರೆ ಸಾಕು."

ಶುಕ್ರವಾರ ಮಧ್ಯಾಹ್ನಕ್ಕೆ ನಗರಸಭೆಯ ತಪಾಸಣೆ ನಿಗದಿಯಾಯಿತು. ನಾನು ಎರಡು ದಿನ ರಜೆ ಹಾಕಿ ಅಡುಗೆಮನೆಯಲ್ಲಿ ಕಾನೂನಿನ ಆಳ್ವಿಕೆ ಆರಂಭಿಸಿದೆ. ಮೊದಲ ಆಜ್ಞೆ: ತಲೆಗೆ ಟೋಪಿಯಿಲ್ಲದೆ ಪ್ರವೇಶವಿಲ್ಲ. ಎರಡನೆಯ ಆಜ್ಞೆ: ಉದ್ಯಮಕ್ಕೆ ಸಂಬಂಧವಿಲ್ಲದ ವ್ಯಕ್ತಿಗಳು ಹೊಸ್ತಿಲು ದಾಟಬಾರದು. ಇದನ್ನು ನಮ್ಮ ಜೊತೆಯಲ್ಲೇ ಇರುವ ಅತ್ತೆಯವರಿಗೆ ಅತ್ಯಂತ ವಿನಯದಿಂದ ಓದಿ ಹೇಳಿದೆ.

ಅತ್ತೆ ಕನ್ನಡಕ ಮೇಲೇರಿಸಿ ನನ್ನನ್ನೇ ನೋಡಿದರು. "ಅಡುಗೆಮನೆಗೆ ಸಂಬಂಧವೇ ಇಲ್ಲದವರು ಅಂದ್ರೆ ಈ ಮನೇಲಿ ನೀವೊಬ್ರೇ ಅಲ್ವಾ ಅಳಿಯಂದ್ರೇ?"

ನಾನು ಆ ಆಕ್ಷೇಪಣೆಯನ್ನು ತಳ್ಳಿಹಾಕಿದೆ. ಅತ್ತೆಯವರನ್ನು ತಳ್ಳಿಹಾಕಲು ಆಗಲಿಲ್ಲ, ಅವರು ಸ್ಟೂಲು ಎಳೆದುಕೊಂಡು ಹೊಸ್ತಿಲ ಮೇಲೆಯೇ ಕುಳಿತರು.

ಆದರೆ ಎಲ್ಲಕ್ಕಿಂತ ಘನವಾದದ್ದು ಹದಿನಾಲ್ಕನೆಯ ನಿಯಮ. ಅದರ ಪ್ರೂಫನ್ನು ನಾನೇ ನೋಡಿದ್ದೆ. ಕಚ್ಚಾ ಪದಾರ್ಥ ಒಂದು ಬಾಗಿಲಿನಿಂದ ಒಳಬರಬೇಕು, ಸಿದ್ಧ ಪದಾರ್ಥ ಮತ್ತೊಂದು ಬಾಗಿಲಿನಿಂದ ಹೊರಹೋಗಬೇಕು, ಎರಡೂ ಪರಸ್ಪರ ಎದುರಾಗಕೂಡದು!

"ಎದುರಾದ್ರೆ ಏನಾಗತ್ತೆ?" ನನ್ನಾಕೆ ಕೇಳಿದಳು. "ಮೈದಾ ಬಿಸ್ಕತ್ತನ್ನ ನೋಡಿ ನಾಚ್ಕೊಳ್ಳತ್ತಾ?"

"ಕಾನೂನು ಕಾರಣ ಹೇಳಲ್ಲ ಕಣೇ. ನಮ್ಮ ಅಡುಗೆಮನೆಗೆ ಒಂದೇ ಬಾಗಿಲು. ಆದ್ರಿಂದ ಇನ್ನೊಂದು ಇಡಿಸ್ಬೇಕು."

"ಎಲ್ಲಿ?"

"ಹಿಂದಿನ ಗೋಡೆಗೆ. ಗೋಡೆಯಾಚೆ ಓಣಿ ಇದೆಯಲ್ಲ!"

ಮನೆಯ ನಕ್ಷೆಯಲ್ಲಿ ನಮಗೂ ಹಿಂದಿನ ಮನೆಗೂ ನಡುವೆ ಒಂದು ಓಣಿ ಸ್ಪಷ್ಟವಾಗಿ ಅಚ್ಚಾಗಿತ್ತು. ಪಕ್ಕದ ಬೀದಿಯ ಕಡೆಯಿಂದ ಅದಕ್ಕೊಂದು ತಗಡಿನ ಬಾಗಿಲು, ಅದಕ್ಕೊಂದು ತುಕ್ಕು ಹಿಡಿದ ಬೀಗ. ಬಾಗಿಲಿದ್ದ ಮೇಲೆ ಹಿಂದೆ ಓಣಿ ಇರಲೇಬೇಕಲ್ಲ! ಅದೂ ಅಲ್ಲದೆ, ಅಚ್ಚಾದದ್ದನ್ನು ನಂಬದಿದ್ದರೆ ನನ್ನ ಸಂಬಳವನ್ನು ಯಾವ ಮುಖ ಇಟ್ಟುಕೊಂಡು ತೆಗೆದುಕೊಳ್ಳಲಿ?

ಹಿಂದಿನ ಮನೆಯವರ ಪರಿಚಯ ಮಾಡಿಕೊಡಬೇಕು. ನಗರಸಭೆಯ ಕಟ್ಟಡ ವಿಭಾಗದಿಂದ ನಿವೃತ್ತರಾದವರು. ಬೀದಿಯವರೆಲ್ಲ ಅವರನ್ನು ಕರೆಯುವುದು 'ಟೇಪು ಸಾಹೇಬರು' ಎಂದು. ಅಳತೆ ಟೇಪಿಲ್ಲದೆ ಅವರು ವಾಕಿಂಗ್ ಕೂಡ ಹೋಗುತ್ತಿರಲಿಲ್ಲ. ಯಾರ ಕಿಟಕಿಯ ಸಜ್ಜಾ ರಸ್ತೆಗೆ ಒಂದು ಬೆರಳು ಚಾಚಿದರೂ ಬಿಡುತ್ತಿರಲಿಲ್ಲ. ನಮ್ಮ ಬೀದಿಯಲ್ಲಿ ಅವರನ್ನು ಕಂಡರೆ ಮನೆಗಳೇ ಹೊಟ್ಟೆ ಒಳಗೆಳೆದುಕೊಳ್ಳುತ್ತಿದ್ದವು!

ಶುಕ್ರವಾರ ಬೆಳಿಗ್ಗೆ ಗಾರೆ ಮೇಸ್ತ್ರಿ ಬಂದ. "ಮಧ್ಯಾಹ್ನದೊಳಗೆ ಬಾಗಿಲು ನಿಲ್ಲಿಸ್ಬಿಡ್ತೀನಿ ಸಾರ್" ಎಂದು ಗೋಡೆಗೆ ಸುತ್ತಿಗೆಯ ಮೊದಲ ಏಟು ಕೊಟ್ಟ. ನಾನು ಟೋಪಿ ಧರಿಸಿ, ಕೈ ಹಿಂದೆ ಕಟ್ಟಿಕೊಂಡು, ಸೇತುವೆ ಕಟ್ಟಿಸುವ ಮಂತ್ರಿಯಂತೆ ನಿಂತಿದ್ದೆ. ಇಟ್ಟಿಗೆಗಳು ಉದುರಿದವು. ಅವುಗಳ ಹಿಂದೆ ಮತ್ತೊಂದು ಸಾಲು ಇಟ್ಟಿಗೆ! ಅದರ ಹಿಂದೆ ನೀಲಿ ಹೂವಿನ ಟೈಲ್ಸು!

"ಓಣಿಗೆ ಯಾರಯ್ಯಾ ಟೈಲ್ಸ್ ಹಾಕಿಸಿದ್ದು?" ಎಂದು ನಾನು ಕೇಳುವಷ್ಟರಲ್ಲಿ ಕೊನೆಯ ಏಟು ಬಿತ್ತು. ದೊಡ್ಡ ಕಿಂಡಿ ತೆರೆದುಕೊಂಡಿತು. ಕಿಂಡಿಯಿಂದ ಬಿಸಿಬಿಸಿ ಹಬೆ ನುಗ್ಗಿತು. ಹಬೆಯ ಹಿಂದೆ, ತಲೆಯಿಂದ ಹೊಟ್ಟೆಯವರೆಗೆ ಸೋಪಿನ ನೊರೆ ಹೊದ್ದು, ಕೈಯಲ್ಲಿ ಚೊಂಬು ಹಿಡಿದು ನಿಂತಿದ್ದರು ಸಾಕ್ಷಾತ್ ಟೇಪು ಸಾಹೇಬರು!

ನಾನು ಕಿರುಚಿದೆ. ಅವರೂ ಕಿರುಚಿದರು. ಅವರ ಧ್ವನಿ ನನ್ನದಕ್ಕಿಂತ ಗಟ್ಟಿ, ಏಕೆಂದರೆ ಅದಕ್ಕೆ ಬಚ್ಚಲುಮನೆಯ ಪ್ರತಿಧ್ವನಿಯ ಬೆಂಬಲವಿತ್ತು.

"ಯಾರ್ರೀ ಅದು! ನನ್ನ ಬಚ್ಚಲಲ್ಲಿ ನಿಮಗೇನ್ರೀ ಕೆಲಸ?"

"ಬಚ್ಚಲಾ? ಸಾಹೇಬ್ರೇ, ಇದು ಓಣಿ!"

ಮೇಸ್ತ್ರಿ ಮಾತ್ರ ಒಡೆದ ಟೈಲ್ಸ್ ಚೂರೊಂದನ್ನು ತಿರುಗಿಸಿ ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟ. "ಇದನ್ನ ನಾನೇ ಹಾಕಿದ್ದು ಸಾರ್."

"ಮತ್ತೆ ಮೊದ್ಲೇ ಹೇಳಕ್ಕೇನಯ್ಯಾ!"

"ಆ ಕಡೆಯಿಂದ ನೋಡಿದ್ದೆ ಸಾರ್. ಈ ಕಡೆಯಿಂದ ಇವತ್ತೇ ನೋಡಿದ್ದು." ಹೀಗೆಂದವನು ಸುತ್ತಿಗೆ ಚೀಲಕ್ಕೆ ಹಾಕಿಕೊಂಡು, ಸಾಹೇಬರ ಕಣ್ಣು ತನ್ನ ಮೇಲೆ ಬೀಳುವ ಮೊದಲೇ ಮಾಯವಾದ.

ಟವೆಲ್ ಸುತ್ತಿಕೊಂಡ ಸಾಹೇಬರಿಗೆ ನಾನು ಕಾನೂನಿನ ಸಿಂಹಾಸನದಿಂದ ಕೇಳಿದೆ: "ಊರವರ ಸಜ್ಜಾ ಎಲ್ಲಾ ಕತ್ತರಿಸಿದೋರು, ನೀವೇ ಓಣಿ ನುಂಗಿದ್ದೀರಲ್ಲ ಸ್ವಾಮಿ?"

ನೊರೆ ಒರೆಸಿಕೊಂಡ ಅವರು ಕಿಂಡಿಯಿಂದ ಟೇಪು ತೂರಿಸಿದರು. ಬಚ್ಚಲಲ್ಲೂ ಅವರ ಬಳಿ ಟೇಪಿತ್ತು! ಅಳೆದು, ತಣ್ಣಗೆ ಹೇಳಿದರು: "ನಾನು ನುಂಗಿದ್ದು ಅರ್ಧ ಓಣಿ. ಉಳಿದರ್ಧದಲ್ಲಿ ನೀವು ಈಗ ಟೋಪಿ ಹಾಕ್ಕೊಂಡು ನಿಂತಿದ್ದೀರಿ."

ನಾನು ಕೆಳಗೆ ನೋಡಿದೆ. ಒಲೆ, ಸಿಂಕು, ಹಿಟ್ಟಿನ ಡಬ್ಬ, ನಾನು, ಎಲ್ಲರೂ ಓಣಿಯಲ್ಲಿದ್ದೆವು! ಮನೆ ಕೊಂಡಾಗಲೇ ಅಡುಗೆಮನೆ ಹೀಗಿತ್ತು. ಮಾರಿದ ಪುಣ್ಯಾತ್ಮ ನಕ್ಷೆ ಕೊಟ್ಟಿದ್ದ, ಓಣಿ ಕೊಟ್ಟಿರಲಿಲ್ಲ. ಇಷ್ಟು ವರ್ಷ ನಾನು ಊಟ ಮಾಡಿದ್ದು ಕಾನೂನಿನ ಪ್ರಕಾರ ಇಲ್ಲದ ಜಾಗದಲ್ಲಿ ಬೆಂದ ಊಟ.

"ಈಗ ಯಾರಾದ್ರೂ ನಗರಸಭೆಯೋರು ಬಂದ್ರೋ," ಸಾಹೇಬರು ಪಿಸುಗುಟ್ಟಿದರು, "ನನ್ನ ಬಚ್ಚಲೂ ಹೋಯ್ತು, ನಿಮ್ಮ ಅಡುಗೆಮನೆಯೂ ಹೋಯ್ತು."

"ಮೂರು ಗಂಟೆಗೆ ಬರ್ತಾರೆ," ಹೊಸ್ತಿಲ ಮೇಲಿಂದ ಅತ್ತೆ ಹೇಳಿದರು. "ಅಳಿಯಂದ್ರೇ ಕರೆಸಿದ್ದಾರೆ."

ಸಾಹೇಬರ ಕೈಯಿಂದ ಚೊಂಬು ಬಿತ್ತು.

ಆಮೇಲೆ ನಡೆದದ್ದು ಯುದ್ಧ. ನಾನು ಪಾತ್ರೆಯ ಬೀರುವನ್ನು ಎಳೆದು ಕಿಂಡಿಗೆ ಅಡ್ಡ ನಿಲ್ಲಿಸಿದೆ. ಅದು ಒಂದು ಪಕ್ಕ ಮುಚ್ಚಿದರೆ ಇನ್ನೊಂದು ಪಕ್ಕ ತೆರೆಯಿತು. ಆ ಕಡೆಯಿಂದ ಸಾಹೇಬರು ಚಾಪೆ ಹಿಡಿದುಕೊಂಡು ನಿಲ್ಲುವುದೆಂದು ಒಪ್ಪಂದವಾಯಿತು. ನನ್ನಾಕೆ ಇಟ್ಟಿಗೆ ಧೂಳು ಒರೆಸುತ್ತಿದ್ದಳು. ಅವಳು ಬಯ್ಯುತ್ತಿದ್ದರೆ ಧೈರ್ಯವಿರುತ್ತಿತ್ತು.

ಸರಿಯಾಗಿ ಮೂರಕ್ಕೆ ಇನ್ಸ್‌ಪೆಕ್ಟರಮ್ಮ ಬಂದರು. ಕಂಕುಳಲ್ಲಿ ಹೆಲ್ಮೆಟ್ಟು, ಮುಖದಲ್ಲಿ ಬಿಗಿ. ನಲ್ಲಿ ತಿರುಗಿಸಿ ನೋಡಿದರು. ಡಬ್ಬಿಗಳ ಮುಚ್ಚಳ ತೆಗೆದು ನೋಡಿದರು. ನನ್ನ ಟೋಪಿಯನ್ನೂ ನೋಡಿದರು. ಇನ್ನೇನು ಪೆನ್ನು ತೆಗೆಯಬೇಕು, ಅಷ್ಟರಲ್ಲಿ ಬೀರುವಿನ ಹಿಂದಿನಿಂದ "ಆ... ಆ... ಆಕ್ಷೀ!"

ಇನ್ಸ್‌ಪೆಕ್ಟರಮ್ಮ ನಿಧಾನವಾಗಿ ತಿರುಗಿದರು. "ಬೀರು ಸೀನಿತಾ?"

"ಹಳೇ ಬೀರು ಮೇಡಂ," ಎಂದೆ. "ಧೂಳು ಆಗಲ್ಲ ಅದಕ್ಕೆ."

ನನ್ನಾಕೆ ಒರೆಸುವ ಬಟ್ಟೆ ಕೆಳಗಿಟ್ಟಳು. "ಸಾಕು ಸುಮ್ನಿರಿ. ಮೇಡಂ, ಬೀರು ಸರಿಸಿ ನೋಡಿ. ಲೈಸೆನ್ಸ್ ಹೋದ್ರೆ ಹೋಗ್ಲಿ. ನಾಳೆ ಯಾರೋ ಮಗುವಿಗೆ ತಿನ್ನಿಸೋ ಬಿಸ್ಕತ್ತು ಇದು, ಮೊದಲ ದಿನಾನೇ ಸುಳ್ಳು ಹೇಳಿ ಮಾರಲ್ಲ ನಾನು."

ಬೀರು ಸರಿಯಿತು. ಚಾಪೆ ಜಾರಿತು. ಚಾಪೆಯ ಮೇಲೆ ಟೇಪು ಸಾಹೇಬರ ಮುಖ ಉದಯಿಸಿತು. "ನಮಸ್ಕಾರ," ಎಂದರು ಸಾಹೇಬರು, ಬೇರೇನೂ ತೋಚದೆ.

"ಇದೇನಿದು?" ಇನ್ಸ್‌ಪೆಕ್ಟರಮ್ಮ ಬೆಚ್ಚಿಬಿದ್ದರು.

ನಾನು ಗಂಟಲು ಸರಿಮಾಡಿಕೊಂಡೆ. "ಎರಡನೇ ಬಾಗಿಲು ಮೇಡಂ. ಹದಿನಾಲ್ಕನೇ ನಿಯಮದ ಪ್ರಕಾರ. ಅದರ ಪ್ರೂಫ್ ನಾನೇ ನೋಡಿದ್ದು."

"ಯಾವ ಹದಿನಾಲ್ಕು? ಅದಾ! ಅದು ಬರೀ ಪ್ರಸ್ತಾವ ಆಗಿತ್ತಲ್ರೀ. ಮನೇಲಿ ಮಾಡೋರೆಲ್ಲ ಆಕ್ಷೇಪಣೆ ಕೊಟ್ರು, ಸರ್ಕಾರ ಕೈಬಿಡ್ತು. ಜಾರಿಗೇ ಬರ್ಲಿಲ್ಲ. ಆಮೇಲಿಂದು ಓದ್ಲಿಲ್ವಾ?"

ಆಮೇಲಿನ ಪ್ರಕಟಣೆಯ ಪ್ರೂಫ್ ಪಕ್ಕದ ಮೇಜಿನವರ ಪಾಲಿಗೆ ಹೋಗಿತ್ತು! ನಾನು ಬಾಗಿಲು ತೆಗೆಸಿದ್ದು ಹುಟ್ಟದೇ ಇದ್ದ ಕಾನೂನಿಗೆ!

"ಇಷ್ಟು ಚಿಕ್ಕದಾಗಿ ಮಾಡೋರಿಗೆ ನಿಯಮ ಸುಲಭ," ಅವರು ಮುಂದುವರಿಸಿದರು. "ನೀರು ಚೆನ್ನಾಗಿರ್ಬೇಕು, ಕೈ ಚೆನ್ನಾಗಿರ್ಬೇಕು, ಮಾಡಿದ್ದನ್ನ ಮುಚ್ಚಿಡ್ಬೇಕು. ಬೆಳಿಗ್ಗೆ ಬಂದಿದ್ರೆ ನಿಂತ ಕಾಲಲ್ಲೇ ಸಹಿ ಹಾಕ್ತಿದ್ದೆ. ಒಂದೇ ಒಂದಕ್ಕೆ ಮಾತ್ರ ಮಾಫಿ ಇಲ್ಲ."

"ಯಾವುದು ಮೇಡಂ?"

"ಅಡುಗೆಮನೆ ಬಚ್ಚಲಿಗೆ ತೆರ್ಕೊಂಡಿರ್ಬಾರ್ದು."

ಇಲ್ಲದ ಕಾನೂನನ್ನು ಪಾಲಿಸಲು ಹೋಗಿ, ಇದ್ದ ಏಕೈಕ ಕಾನೂನನ್ನು ಸುತ್ತಿಗೆಯಿಂದ ಮುರಿದಿದ್ದೆ! ನನ್ನಾಕೆಯ ಕಣ್ಣು ತುಂಬಿದ್ದು ಕಂಡಿತು. ಟೋಪಿ ತೆಗೆದುಬಿಟ್ಟೆ. "ತಪ್ಪು ನಂದು ಮೇಡಂ. ಅವಳ ಕೈ ಚೆನ್ನಾಗಿದೆ, ನೀರು ಚೆನ್ನಾಗಿದೆ. ಈ ತೂತು ಮಾತ್ರ ನನ್ನದು."

"ಮತ್ತೆ... ಈ ಓಣಿ?" ಕಿಂಡಿಯಿಂದ ಸಾಹೇಬರ ಬಡಪಾಯಿ ಧ್ವನಿ.

"ಓಣಿ ನಮ್ಮ ವಿಭಾಗ ಅಲ್ಲ. ನಾನು ನೋಡೋದು ತಿನ್ನೋದನ್ನ ಮಾತ್ರ." ಅವರು ಹೆಲ್ಮೆಟ್ ಎತ್ತಿಕೊಂಡರು. "ಸಂಜೆ ಇದೇ ದಾರೀಲಿ ಹೋಗ್ತೀನಿ. ಅಷ್ಟರಲ್ಲಿ ಗೋಡೆ ಗೋಡೆ ಥರ ಇರ್ಬೇಕು."

ಮೇಸ್ತ್ರಿ ಫೋನ್ ಎತ್ತಲಿಲ್ಲ. ಈ ಕಡೆಯಿಂದ ನಾನು, ಆ ಕಡೆಯಿಂದ ಸಾಹೇಬರು, ಇಟ್ಟಿಗೆ ಜೋಡಿಸಿದೆವು. ಗಾರೆ ಕಲಸಿಕೊಟ್ಟವಳು ನನ್ನಾಕೆ. ಹಿಟ್ಟಿನ ಹದ ಬಲ್ಲ ಕೈಗೆ ಸಿಮೆಂಟೂ ಮಣಿಯಿತು. "ಎಡಕ್ಕೆ ಬಾಗಿದೆ," ಎಂದು ಸಾಹೇಬರು ಟೇಪು ಹಿಡಿದಾಗ, "ಅಳೆಯೋದು ಬಿಟ್ಟು ಇಟ್ಟಿಗೆ ಕೊಡಿ ಸಾಹೇಬ್ರೇ" ಎಂದು ಅತ್ತೆ ಗದರಿದರು. ಬೀದಿಯಲ್ಲಿ ಸಾಹೇಬರನ್ನು ಗದರಿದ ಮೊದಲಿಗರು ಅತ್ತೆಯೇ. ಕೊನೆಯ ಇಟ್ಟಿಗೆ ಇಡುವ ಮುನ್ನ ಸಾಹೇಬರು ಕಿಂಡಿಯಿಂದ ಮೆಲ್ಲಗೆ ಕೇಳಿದರು: "ಅಮ್ಮಾ, ಬಿಸ್ಕತ್ತು ಇನ್ಮೇಲೆ ಅಂಗಡೀಲಿ ತಗೋಬೇಕಾ?"

"ಹೌದು ಸಾಹೇಬ್ರೇ," ಎಂದಳು ನನ್ನಾಕೆ. ಇಟ್ಟಿಗೆ ಕೂತಿತು.

ಸಂಜೆ ಇನ್ಸ್‌ಪೆಕ್ಟರಮ್ಮ ಬಂದು ಗೋಡೆ ತಟ್ಟಿ ನೋಡಿದರು. ಸೊಟ್ಟಗಿತ್ತು, ಆದರೆ ಗಟ್ಟಿಯಾಗಿತ್ತು. ಪೆನ್ನು ತೆಗೆದರು. ನಾನು ಬಾಗಿಲ ಬಳಿ ನಿಂತಿದ್ದೆ.

"ಕೊನೇ ಪ್ರಶ್ನೆ. ಇಲಿ, ಹೆಗ್ಗಣ, ಜಿರಳೆ ಕಾಟ ಏನಾದ್ರೂ?"

"ಇಲಿ ಇಲ್ಲ ಮೇಡಂ, ಜಿರಳೆ ಇಲ್ಲ," ನನ್ನಾಕೆ ಸ್ವಲ್ಪ ಯೋಚಿಸಿ ಹೇಳಿದಳು. "ಗೋಡೆ ಕೊರೆಯೋದು ಒಂದಿದೆ. ಬೆಳಿಗ್ಗೆ ಡಬ್ಬಿ ಕಟ್ಟಿ ಆಫೀಸಿಗೆ ಕಳಿಸ್ಬಿಡ್ತೀನಿ."

"ರಜಾ ದಿನ?"

"ಹೊಸ್ತಿಲಲ್ಲಿ ಅಮ್ಮ ಕೂತಿರ್ತಾರೆ."

ಇನ್ಸ್‌ಪೆಕ್ಟರಮ್ಮ ನನ್ನತ್ತ ತಲೆಯನ್ನೂ ಎತ್ತಲಿಲ್ಲ. 'ಹತೋಟಿಯಲ್ಲಿದೆ' ಎಂದು ಬರೆದು ಸಹಿ ಹಾಕಿದರು.