ಫೈರ್‌ವಾಲ್ ಅವರಿಗೆ, ಗೋಡೆಯಾಚೆಯ ಹನ್ನೊಂದು ಜನರ ಪರವಾಗಿ

ಇಲ್ಲ ಮಾನ್ಯರೇ, ತಮ್ಮ ಮೈಯಲ್ಲಿ ತೂತು ಕೊರೆದವನು ನಾನಲ್ಲ. ಬೇಕಾದರೆ ತಮ್ಮ ಹಿಂದೆ ಮುಂದೆ ಟಾರ್ಚ್ ಹಾಕಿ ಹುಡುಕಿಸಿಕೊಳ್ಳಿ, ಸೂಜಿ ಚುಚ್ಚಿದ ಗುರುತೂ ಸಿಗುವುದಿಲ್ಲ. ಕಳೆದ ಅರ್ಧ ಗಂಟೆಯಿಂದ ತಮ್ಮ ಯಜಮಾನರು ನನ್ನ ಬಗ್ಗೆ ಏನೇನು ಅಂದರೋ ಅದನ್ನು ಇಲ್ಲಿ ಬರೆಯುವುದಿಲ್ಲ, ಕಾಗದಕ್ಕೂ ಒಂದು ಮಾನ ಇರುತ್ತದೆ. ಅವರಿಗೆ ಉತ್ತರ ಕೊಟ್ಟು ಗಂಟಲು ಹರಿದುಕೊಂಡದ್ದು ಸಾಕಾಗಿ, ಇಬ್ಬರಲ್ಲಿ ಹೆಚ್ಚು ತಿಳಿವಳಿಕೆ ಇರುವವರು ತಾವೇ ಎಂದು ಬಗೆದು ತಮಗೇ ಬರೆಯುತ್ತಿದ್ದೇನೆ. ಬೇರೆಯವರೂ ಓದಲಿ ಎಂದು ಇದರ ಒಂದು ಪ್ರತಿಯನ್ನು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೂ ಅಂಟಿಸುವವನಿದ್ದೇನೆ.

ಜಗಳದ ಬಿಸಿಯಲ್ಲಿ ನಮಸ್ಕಾರ ಮರೆತೆ. ನಮಸ್ಕಾರ. ತಮ್ಮ ಹಸಿರು ದೀಪ ಸದಾ ಮಿನುಗುತ್ತಿರಲಿ, ತಮ್ಮ ಬೆನ್ನಿನ ಫ್ಯಾನಿಗೆ ಧೂಳು ಹಿಡಿಯದಿರಲಿ. ಚಪ್ಪಲಿ ಡಬ್ಬಿಯಷ್ಟು ಗಾತ್ರದ ತಾವು ಮೂರನೇ ಮಹಡಿಯ ಸರ್ವರ್ ರೂಮಿನಲ್ಲಿ ಕುಳಿತು, ಇಡೀ ಲಿಫ್ಟ್ ರಿಪೇರಿ ಕಂಪನಿಗೆ ಯಾರು ಬರಬೇಕು, ಯಾರು ಬರಬಾರದು ಎಂದು ನಿರ್ಧರಿಸುತ್ತೀರಿ. ನಾನೋ, ಒಂಬತ್ತನೇ ಕ್ಲಾಸಿನಲ್ಲೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ ಬಂದವನು, ಇಲ್ಲಿ ವೈರು ಎಳೆಯುವವನು. ಈ ರೂಮಿನ ಬಾಗಿಲು ಜೋರಾಗಿ ಬಡಿದರೆ ತಮ್ಮ ಸಡಿಲ ಪ್ಲಗ್ಗು ಕಳಚಿ ಬೀಳುತ್ತದೆಂದು ಗೊತ್ತಿದ್ದವನು ನಾನೊಬ್ಬನೇ. "ಹೊಸ ಪ್ಲಗ್ ಹಾಕಿಸಿ" ಎಂದು ಎಷ್ಟು ಸಲ ಕೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳದ್ದರಿಂದ, ಎರಡು ವರ್ಷದಿಂದ ಈ ಬಾಗಿಲನ್ನು, ಮಗುವನ್ನು ತೊಟ್ಟಿಲಲ್ಲಿ ಮಲಗಿಸಿದ ಹಾಗೆ, ಅಂಗೈ ಕೊಟ್ಟು ಮುಚ್ಚುತ್ತಾ ಬಂದಿದ್ದೇನೆ. ತಾವು ಅದನ್ನು ಮರೆತರೂ ನಾನು ಮರೆಯುವುದಿಲ್ಲ.

ಇನ್ನು ವಿಷಯ. ನಮ್ಮ ಕಂಪನಿಯ ಹನ್ನೊಂದು ಮೆಕ್ಯಾನಿಕ್‌ಗಳು ದಿನವಿಡೀ ಊರ ಕಟ್ಟಡಗಳ ತಾರಸಿಯ ಮೇಲೆ, ಮೋಟಾರ್ ರೂಮಿನೊಳಗೆ ಇರುತ್ತಾರೆ. ಅವರಲ್ಲೊಬ್ಬರು ನನ್ನ ಚಿಕ್ಕಪ್ಪ. ನನಗೆ ಸ್ಕ್ರೂಡ್ರೈವರ್ ಹಿಡಿಯಲು ಕಲಿಸಿದವರು. ಮೂವತ್ತು ವರ್ಷ ಮೋಟಾರಿನ ಪಕ್ಕ ನಿಂತು ನಿಂತು ಅವರ ಕಿವಿ ಹೋಗಿದೆ. ಫೋನು ಬಂದರೆ "ಯಾವ ಬಿಲ್ಡಿಂಗು? ಹೇಳ್ರೀ, ಯಾವ ಬಿಲ್ಡಿಂಗು?" ಎಂದು ಅವರು ಕೂಗುವುದು ನಾಲ್ಕು ಬೀದಿಗೆ ಕೇಳುತ್ತದೆ, ಅವರಿಗೆ ಮಾತ್ರ ಏನೂ ಕೇಳುವುದಿಲ್ಲ. ಆದರೆ ಕಣ್ಣು ಹದ್ದಿನದು, ಬರೆದದ್ದನ್ನು ಬಿಸಿಲಲ್ಲೂ ಓದುತ್ತಾರೆ. ಆಫೀಸಿನೊಳಗೆ ಎಲ್ಲರ ಕಂಪ್ಯೂಟರಿನಲ್ಲೂ ಇರುವ ಮೆಸೇಜು ವ್ಯವಸ್ಥೆ ಹೊರಗಿನ ಹನ್ನೊಂದು ಜನರ ಫೋನಿಗೂ ಬರುವ ಹಾಗೆ ತಿಂಗಳೊಳಗೆ ಮಾಡು, ಆಗದಿದ್ದರೆ ನಿನ್ನ ಚಿಕ್ಕಪ್ಪನನ್ನು ಗೋದಾಮಿನಲ್ಲಿ ಸ್ಟೂಲಿನ ಮೇಲೆ ಕೂರಿಸಿ ನಟ್ಟು ಬೇರೆ, ಬೋಲ್ಟು ಬೇರೆ ಮಾಡಿಸುತ್ತೇವೆ ಎಂದು ಮೇಲಿನವರು ಹೇಳಿದರು. ನನಗೆ ಆ ತಿಂಗಳು ಬೇರೆ ಏನೂ ಕಾಣಲಿಲ್ಲ ಮಾನ್ಯರೇ, ಆ ಸ್ಟೂಲೇ ಕಾಣುತ್ತಿತ್ತು.

ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಹೊಗಳಿದರೂ ಸಾಲದು. "ಬ್ರೇಕ್ ಶೂ ಸವೆದಿದೆ, ಹೊಸದು ಕಳ್ಸಿ" ಎಂದು ಚಿಕ್ಕಪ್ಪ ಹದಿನಾಲ್ಕನೇ ಮಹಡಿಯ ಮೇಲಿಂದ ಬರೆದರೆ ತಾವು ಅದರಲ್ಲಿ ಘೋರ ಅಪಾಯವನ್ನು ಕಂಡು ಕುತ್ತಿಗೆ ಹಿಡಿದು ಹೊರಗೆ ತಳ್ಳುತ್ತೀರಿ. ಅದೇ ಹೊತ್ತಿಗೆ ನಮ್ಮ ಬೋಳುತಲೆಯ ಸ್ಟೋರ್ ಮ್ಯಾನೇಜರಿಗೆ ಕೂದಲು ಬೆಳೆಸುವ ಎಣ್ಣೆಯ ಜಾಹೀರಾತನ್ನು ದಿನಕ್ಕೆ ಎಂಟು ಸಲ, ಬಾಗಿಲು ತೆರೆದು, ಬನ್ನಿ ಕೂತ್ಕೊಳ್ಳಿ ಎಂದು ಒಳಗೆ ಕರೆಯುತ್ತೀರಿ. ಮನೆಯವರನ್ನು ಗೇಟಿನಲ್ಲಿ ನಿಲ್ಲಿಸಿ ದಾರಿಹೋಕರಿಗೆ ಮಣೆ ಹಾಕುವ ಇಂಥ ಕಾವಲುಗಾರ ಬೇರೆ ಯಾವ ಕಂಪನಿಗೆ ಸಿಗಬೇಕು!

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಮೊದಲ ವಾರ ನಾನೇ ಗೆದ್ದೆ ಎಂದುಕೊಂಡೆ. ಇಡೀ ಆಫೀಸನ್ನು ಕಿಟಕಿಗೆ ಕರೆದು, ಕೆಳಗೆ ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು, "ಹೊರಗಿಂದ ಕಳಿಸ್ತಿದ್ದೀನಿ, ಬಂತಾ?" ಎಂದು ಮೆಸೇಜು ಬಿಟ್ಟೆ. ಮೇಲೆ ಎಲ್ಲ ಕಂಪ್ಯೂಟರುಗಳೂ ಟಣ್ ಎಂದವು. ಚಪ್ಪಾಳೆಯೋ ಚಪ್ಪಾಳೆ. ತಮ್ಮ ಯಜಮಾನರು, ಅಂದರೆ ಭದ್ರತೆಯ ಮುಖ್ಯಸ್ಥರು, ಸೊಂಟದಲ್ಲಿ ಬೀಗದ ಕೈ ಗೊಂಚಲು ಕಟ್ಟಿಕೊಂಡೇ ಓಡಾಡುವುದರಿಂದ ನಾವು ಬೀಗದ ಸಾಹೇಬರು ಎನ್ನುವವರು, ಖುದ್ದಾಗಿ ಕೆಳಗೆ ಬಂದು ನನ್ನ ಕೈ ಕುಲುಕಿದರು. ಮರುದಿನ ಹನ್ನೊಂದು ಜನ ಹನ್ನೊಂದು ತಾರಸಿಯಿಂದ ಮೆಸೇಜು ಕಳಿಸಿದರು. ಒಂದೂ ಬರಲಿಲ್ಲ. ಚಿಕ್ಕಪ್ಪ ನಲವತ್ತು ಸಲ "ಹಲೋ" ಬರೆದಿದ್ದರಂತೆ, ನಲವತ್ತೊಂದನೆಯದು ಬರೆಯಬಾರದ್ದು. ಆಮೇಲೆ ತಿಳಿಯಿತು: ಸೈಕಲ್ ಸ್ಟ್ಯಾಂಡಿನವರೆಗೂ ಆಫೀಸಿನ ವೈಫೈ ಬರುತ್ತದೆ! ನಾನು ಬೀದಿಯಲ್ಲಿ ನಿಂತಿದ್ದರೂ ನನ್ನ ಫೋನು ತಮ್ಮ ಮಡಿಲಲ್ಲೇ ಕುಳಿತಿತ್ತು. ಬಾವಿಯೊಳಗೆ ನಿಂತು ಬಾವಿ ಹತ್ತಿದೆ ಎಂದು ಕೂಗಿದವನು ನಾನು. ಆ ದಿನದಿಂದ ಮೆಕ್ಯಾನಿಕ್‌ಗಳು ನನ್ನನ್ನು ಕಂಡರೆ "ಏನಪ್ಪಾ, ಹೊರಗಿದ್ದೀಯೋ ಒಳಗಿದ್ದೀಯೋ?" ಎಂದೇ ಮಾತು ಶುರು ಮಾಡುತ್ತಾರೆ.

ಸರಿ, ತಪ್ಪು ತಿದ್ದಿಕೊಂಡು ನೇರ ದಾರಿಯಲ್ಲೇ ಬರೋಣ ಎಂದು ಅರ್ಜಿ ಹಾಕಲು ಹೋದೆ. ಹೊರಗಿನವರನ್ನು ಒಳಗೆ ಬಿಡಲು ತಮ್ಮ ಕಚೇರಿಯಲ್ಲಿ ಒಂದು ಅರ್ಜಿ ನಮೂನೆ ಇದೆ. ಅದನ್ನು ಹೊರಗಿನವರು ಹೊರಗಿನಿಂದಲೇ ತುಂಬತಕ್ಕದ್ದು. ಆದರೆ ಆ ನಮೂನೆ ತೆರೆಯುವುದು ಆಫೀಸಿನೊಳಗಿನ ಕಂಪ್ಯೂಟರಿನಲ್ಲಿ ಮಾತ್ರ. ಒಳಗಿನಿಂದ ತುಂಬಿದರೆ "ಅರ್ಜಿದಾರರು ಒಳಗಿದ್ದಾರೆ, ಅನುಮತಿಯ ಅಗತ್ಯವಿಲ್ಲ" ಎಂದು ತಿರಸ್ಕಾರ. ಹೊರಗೆ ಹೋದರೆ ನಮೂನೆಯೇ ಇಲ್ಲ. ಏಳು ಸಲ ಹಾಕಿದೆ, ಏಳು ಸಲವೂ ಒಳಗಿದ್ದೇನೆ ಎಂದು ಅಭಿನಂದಿಸಲ್ಪಟ್ಟೆ. ಬೀಗದ ಸಾಹೇಬರನ್ನು ಕೇಳಿದರೆ "ರೂಲ್ಸ್ ಅಂದ್ರೆ ರೂಲ್ಸ್ ಕಣಯ್ಯ, ನಾನೇನ್ ಮಾಡ್ಲಿ?" ಎಂದು ಬೀಗದ ಕೈ ಜಣಜಣಿಸಿದರು.

ಅಷ್ಟರಲ್ಲಿ ತಿಂಗಳು ಮುಗಿಯಲು ಆರು ದಿನ ಉಳಿದಿತ್ತು. ಒಂದು ಮಧ್ಯಾಹ್ನ ಇಲ್ಲೇ ನೆಲದ ಮೇಲೆ ಕುಳಿತು ತಮ್ಮ ದೀಪವನ್ನೇ ನೋಡುತ್ತಿದ್ದಾಗ ತಮ್ಮ ಒಂದು ದೊಡ್ಡ ಗುಣ ಕಣ್ಣಿಗೆ ಬಿತ್ತು. ಒಳಗೆ ಬರುವವರನ್ನು ಅಷ್ಟೆಲ್ಲ ಜಾಲಾಡುವ ತಾವು, ಒಳಗಿನಿಂದ ಹೊರಗೆ ಹೋಗುವವರನ್ನು "ಎಲ್ಲಿಗೆ?" ಎಂದು ಕೇಳುವುದೇ ಇಲ್ಲ! ಎದುರು ಬೀದಿಯಲ್ಲಿ ನನ್ನ ಅಕ್ಕನ ಟೈಲರಿಂಗ್ ಅಂಗಡಿ. ಅಲ್ಲಿ ಕತ್ತರಿ, ನೂಲುಂಡೆಗಳ ನಡುವೆ ಒಂದು ಹಳೆಯ ಕಂಪ್ಯೂಟರ್ ಇಟ್ಟೆ. ಹೊರಗಿನವರ ಮೆಸೇಜುಗಳೆಲ್ಲ ಅಲ್ಲಿಗೆ ಬಂದು ಕೂರುತ್ತವೆ. ಆಫೀಸಿನ ಮೆಸೇಜ್ ಯಂತ್ರ ತಾನೇ ಗಳಿಗೆಗೊಮ್ಮೆ ಎದ್ದು ಹೋಗಿ, ಅಕ್ಕನ ಅಂಗಡಿಯಲ್ಲಿ ಸುದ್ದಿ ಕೇಳಿಕೊಂಡು ಬರುತ್ತದೆ. ಇಷ್ಟೇ. ಇದರಲ್ಲಿ ತೂತೆಲ್ಲಿ ಬಂತು? ತಮ್ಮ ಯಂತ್ರ ಅಂಗಡಿಗೆ ಹೋಗಿ ಬಂದರೆ ಅದು ನನ್ನ ತಪ್ಪೇ? ಹೇಳದೆ ಮಾಡಿದ್ದು ತಪ್ಪು, ಒಪ್ಪಿದೆ. ಹೇಳಲು ಹಾಕಿದ ಅರ್ಜಿಗಳು ಏಳು ಇವೆ, ಅವನ್ನೂ ಒಪ್ಪಿಕೊಳ್ಳಿ.

ಅಕ್ಕ ಹಾಕಿದ ಷರತ್ತು ಒಂದೇ. "ನನ್ ಅಂಗಡೀಲಿ ಇಡ್ತೀಯ ಅಂದ್ರೆ ನನ್ನೂ ಗುಂಪಿಗೆ ಸೇರಿಸು, ನಿಮ್ ಜಗಳ ನಾನೂ ಓದ್ಬೇಕು." ಸೇರಿಸಿದೆ. ಅಂದಿನಿಂದ ಹನ್ನೊಂದು ತಾರಸಿಯೂ ಮಾತಾಡಲು ಶುರುವಾಯಿತು. ಚಿಕ್ಕಪ್ಪ ಒಂದೇ ದಿನ ಒಂಬತ್ತು ಲಿಫ್ಟ್ ಎಬ್ಬಿಸಿ ನಿಲ್ಲಿಸಿದರು. ಆಫೀಸಿನವರಿಗೆಲ್ಲ ಖುಷಿ, ಹೇಗಾಯಿತು ಎಂದು ಯಾರೂ ಕೇಳಲಿಲ್ಲ.

ಇನ್ನು ಮೊನ್ನೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಡೆದದ್ದು ತಮಗೆ ಗೊತ್ತಿಲ್ಲ, ಏಕೆಂದರೆ ಅದು ತಮ್ಮನ್ನು ಕೇಳಿ ನಡೆಯಲಿಲ್ಲ. ಬೀಗದ ಸಾಹೇಬರು ಕಡತ ಹಿಡಿದು ನಮ್ಮದೇ ಕಟ್ಟಡದ ಲಿಫ್ಟ್ ಹತ್ತಿದರು. ಎರಡಕ್ಕೂ ಮೂರಕ್ಕೂ ನಡುವೆ ಅದು ನಿಂತಿತು. ಅಪಾಯದ ಗಂಟೆ ಒತ್ತಿದರು, ಬಡಿಯಲಿಲ್ಲ. ಆ ಗಂಟೆ ಕೆಟ್ಟಿದೆಯೆಂದು ಚಿಕ್ಕಪ್ಪ ಮೊದಲ ವಾರದಲ್ಲೇ ಬರೆದ ಮೆಸೇಜನ್ನು ತಾವೇ ಹೊರಗೆ ನಿಲ್ಲಿಸಿದ್ದಿರಿ, ನೆನಪಿದೆಯೇ? ಆ ಕಬ್ಬಿಣದ ಡಬ್ಬಿಯೊಳಗೆ ವೈಫೈ ನುಸುಳುವುದಿಲ್ಲ. ಫೋನು ಮಾಡಿದರೆ ಗರಗರ, ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ಬರೆದದ್ದು ಮಾತ್ರ ಹೋಗುತ್ತಿತ್ತು. ಹೀಗೆ, ತಮ್ಮ ಯಜಮಾನರು, ತಮ್ಮಿಂದ ಹತ್ತು ಅಡಿ ಕೆಳಗೆ, ಗೋಡೆಯಾಚೆಯ ಹನ್ನೆರಡನೆಯವರಾದರು! ಎಲ್ಲರ ಫೋನಿಗೂ ಮೆಸೇಜು ಹಾಕಿಕೊಡುವಾಗ ಅವರ ಫೋನಿನಲ್ಲೂ ನಾನು, ಅವರಿಗೆ ಹೇಳದೆಯೇ, ಅಕ್ಕನ ಅಂಗಡಿಯ ದಾರಿಯನ್ನು ಹಾಕಿಟ್ಟಿದ್ದೆ. ಗುಂಪಿನಲ್ಲಿ ಬಿದ್ದದ್ದನ್ನು ಇದ್ದಂತೆಯೇ ಕೊಡುತ್ತೇನೆ.

"ಲಿಫ್ಟ್ ನಿಂತಿದೆ." "ಯಾರಿದ್ದೀರಿ?" "ರೀ, ಯಾರಾದ್ರೂ ನೋಡ್ರೀ!" ಮೂರೂ ಸಾಹೇಬರದೇ. "ಬಾಗ್ಲು ಮುಟ್ಬೇಡಿ ಸಾಹೇಬ್ರೇ. ಹನ್ನೆರಡು ನಿಮಿಷ. ಬಂದೆ" ಎಂದು ಚಿಕ್ಕಪ್ಪ. "ಫ್ಯಾನ್ ನಿಂತಿದೆ. ಉಸಿರು ಕಟ್ತಿದೆ" ಎಂದು ಸಾಹೇಬರು. "ಟೈ ಸಡಿಲ ಮಾಡಿ. ಕೂತ್ಕೊಳ್ಳಿ. ಗಾಳಿ ಸಂದಿಯಿಂದ ಬರ್ತದೆ, ಹೆದರ್ಬೇಡಿ" ಎಂದು ಚಿಕ್ಕಪ್ಪ. "ಅಲ್ಲಾಡದೆ ನಿಂತಿದ್ದೀರಲ್ಲ, ಸೊಂಟದ ಅಳತೆ ತಗೊಂಡ್ಬಿಡ್ಲಾ? ನಿಮ್ ಪ್ಯಾಂಟು ಎರಡು ತಿಂಗಳಿಂದ ಇಲ್ಲೇ ಬಿದ್ದಿದೆ" ಎಂದು ನಮ್ಮಕ್ಕ.

ಹನ್ನೊಂದನೇ ನಿಮಿಷಕ್ಕೆ ಚಿಕ್ಕಪ್ಪ ಮೋಟಾರ್ ರೂಮಿನಲ್ಲಿದ್ದರು, ಹದಿನೈದಕ್ಕೆ ಸಾಹೇಬರು ನೆಲದ ಮೇಲಿದ್ದರು. ಬೆವರು ಒರೆಸಿಕೊಂಡು, ಚಿಕ್ಕಪ್ಪನ ಗ್ರೀಸು ಮೆತ್ತಿದ ಕೈ ಹಿಡಿದುಕೊಂಡೇ, ಫೋನು ನೋಡಿದರು. ಹುಬ್ಬು ಮೇಲೇರಿತು. "ಅಲ್ರೀ, ನಾನು ಹೊರಗಿದ್ದೆ. ಈ ಮೆಸೇಜು ಒಳಗೆ ಹೇಗೆ ಬಂತು?" ಜೀವ ಉಳಿದ ಮನುಷ್ಯನ ಮೊದಲ ಮಾತು ಅದು. ಎರಡು ದಿನ ಹುಡುಕಿ ಅಕ್ಕನ ಅಂಗಡಿ ಕಂಡುಹಿಡಿದರು. ಇಂದು ಬೆಳಿಗ್ಗೆ ಆದೇಶ: ಸಂಜೆ ಐದರೊಳಗೆ ಅಂಗಡಿಯ ದಾರಿ ಮುಚ್ಚತಕ್ಕದ್ದು, ಚಿಕ್ಕಪ್ಪ ನಾಳೆಯಿಂದ ಸ್ಟೂಲು. ಆದೇಶವನ್ನು ಎರಡು ಸಲ ಓದಿದ ಚಿಕ್ಕಪ್ಪ, ಕಿವಿ ಮಂದವಾದವರ ದೊಡ್ಡ ದನಿಯಲ್ಲಿ, "ಹಗ್ಗ ಹಿಡ್ಕೊಂಡು ಮೂವತ್ತು ವರ್ಷ ಗಾಳೀಲಿ ನಿಂತೋನಿಗೆ ಸ್ಟೂಲಾ? ತಲೆ ತಿರುಗಿ ಬಿದ್ದೋಗ್ತೀನಿ ಕಣ್ರೀ!" ಎಂದು ಹೇಳಿ, ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದು ಹೋದರು. ಲಿಫ್ಟ್ ಹತ್ತಲಿಲ್ಲ. ನನಗೆ ಅದೇ ಹೊಟ್ಟೆ ಉರಿಸಿದ್ದು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ಕೆಲವು ಸಣ್ಣ ಬೇಡಿಕೆಗಳಿವೆ. ತಾವು ಒಂದು ದಿನ ಈ ಕಪಾಟಿನಿಂದ ಇಳಿದು, ಚಿಕ್ಕಪ್ಪನ ಹಿಂದೆ ಹದಿನಾಲ್ಕು ಮಹಡಿ ಹತ್ತಿ, ಆ ಬಿಸಿಲಲ್ಲಿ ನಿಂತು ಒಂದು "ಹಲೋ" ಕಳಿಸಿ ನೋಡಬೇಕು. ಉತ್ತರ ಬಾರದಿದ್ದಾಗ ಏನನಿಸುತ್ತದೆ ಎಂದು ನನಗೆ ಎರಡು ಸಾಲು ಬರೆಯಬೇಕು, ಅದು ಒಳಗೆ ಬರುವ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕು. ಅದಾದ ಮೇಲೆ ಬಿಡುವಿದ್ದರೆ ನಮ್ಮ ಮನೆ ಬಾಗಿಲಲ್ಲಿ ನಿಂತು, ಶಾಲೆ ಯಾಕೆ ಬಿಟ್ಟೆ ಎಂದು ಕೇಳಲು ಬರುವ ನೆಂಟರನ್ನೆಲ್ಲ ತಡೆಯಬೇಕು. ತಾವು ನಿಜವಾಗಿ ಹುಟ್ಟಿದ್ದು ಆ ಕೆಲಸಕ್ಕೆ.

ಅಂಗಡಿಯ ದಾರಿಯನ್ನು ನಾನು ಮುಚ್ಚಿದ್ದೇನೆ, ಆದೇಶದಂತೆ. ತಮ್ಮ ಯಂತ್ರ ಇನ್ನು ಅಲ್ಲಿಗೆ ಹೋಗುವುದಿಲ್ಲ. ಆದರೆ ಊರಿನ ಎಂಟು ಕಟ್ಟಡಗಳ ಕಾವಲುಗಾರರು ಅಷ್ಟರಲ್ಲಿ, ಲಿಫ್ಟ್ ಕೆಟ್ಟರೆ ನೇರವಾಗಿ ಅಕ್ಕನಿಗೇ ಬರೆಯಲು ಕಲಿತುಬಿಟ್ಟಿದ್ದಾರೆ. ಅಕ್ಕ ಇಂದು ಮಧ್ಯಾಹ್ನವೇ ಹೊಸ ಬೋರ್ಡು ನೇತುಹಾಕಿದ್ದಾಳೆ: "ಇಲ್ಲಿ ಪ್ಯಾಂಟು ಗಿಡ್ಡ ಮಾಡಿಕೊಡಲಾಗುವುದು, ಲಿಫ್ಟು ಎತ್ತಿಕೊಡಲಾಗುವುದು." ಚಿಕ್ಕಪ್ಪ ಅಲ್ಲಿ ಕುಳಿತಿದ್ದಾರೆ. ಅಕ್ಕ ಸ್ಟೂಲು ಕೊಟ್ಟಳಂತೆ, ಬೇಡ ಎಂದು ನೆಲದ ಮೇಲೆ ಕುಳಿತು ಫೋನು ನೋಡುತ್ತಿದ್ದಾರಂತೆ. ನಾನೂ ಅಲ್ಲಿಗೇ ಹೊರಟಿದ್ದೇನೆ.

ಇನ್ನು ಒಂದು ನಿಮಿಷದ ಮಟ್ಟಿಗೆ ಮಾತ್ರ
ತಮ್ಮ ವಿಶ್ವಾಸಿ,
ಎರಡು ವರ್ಷ ಬಾಗಿಲಿಗೆ ಅಂಗೈ ಕೊಟ್ಟವನು

ಮರೆತ ಮಾತು: ಈ ಕಾಗದವನ್ನು ತಮ್ಮ ಹಣೆಗೆ ಅಂಟಿಸುತ್ತಿದ್ದೇನೆ. ತಾವು ಇದನ್ನು ಓದುವಾಗ ನಾನು ಬಾಗಿಲಲ್ಲಿರುತ್ತೇನೆ, ಬಾಗಿಲ ಹಿಡಿ ಕೈಯಲ್ಲಿರುತ್ತದೆ, ಇಂದು ಅಂಗೈ ಕೊಡುವುದಿಲ್ಲ. ತಮ್ಮ ಪ್ಲಗ್ಗು ಕಳಚಿ ಬಿದ್ದು, ಅದನ್ನು ಎಲ್ಲಿ ಚುಚ್ಚಬೇಕೆಂದು ಸಾಹೇಬರಿಗೆ ತಿಳಿಯದೆ ನನ್ನನ್ನು ಕರೆಯಬೇಕಾಗಿ ಬಂದರೆ ಖಂಡಿತ ಬರುತ್ತೇನೆ, ಒಂದು ಅರ್ಜಿ ಹಾಕಲಿ. ನಮೂನೆ ಅಕ್ಕನ ಅಂಗಡಿಯ ಒಳಗಿದೆ, ಹೊರಗಿನಿಂದಲೇ ತುಂಬತಕ್ಕದ್ದು. ಬರಲೇ? ಧಡಾರ್!