ನಾಲ್ಕು ಸಲ ಮಾರಿದ ಕೋಳಿ

ನನ್ನ ಸಂಬಳ ಎಷ್ಟೆಂಬುದು ನನ್ನ ಸೋದರತ್ತೆಗೆ ಇವತ್ತಿಗೂ ಗೊತ್ತಿಲ್ಲ. ಹಬ್ಬಕ್ಕೊಮ್ಮೆ ಕೇಳುತ್ತಾರೆ, ನಾನು ಹಬ್ಬಕ್ಕೊಮ್ಮೆ ನಕ್ಕು ಒಳಗೆ ಹೋಗುತ್ತೇನೆ. ಹೀಗೆ ನನ್ನದೆಲ್ಲವನ್ನೂ ಮುಚ್ಚಿಟ್ಟುಕೊಳ್ಳುವ ನನಗೆ ಇನ್ನೊಬ್ಬರ ಲೆಕ್ಕ ಬಿಚ್ಚಿಡುವುದೆಂದರೆ ಮಾತ್ರ ಬಹಳ ಹುರುಪು. ಎಂ.ಕಾಂ. ಮುಗಿಸಿ, ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ರಾಯಚೂರಿಗೆ ಹೋಗಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೂರುವವಳಿಗೆ ಇದು ವೃತ್ತಿಯಿಂದ ಅಂಟಿದ ರೋಗವಿರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ನಮ್ಮ ಚರ್ಚಿನ ಖಜಾಂಚಿ ದೇವಪುತ್ರಪ್ಪ ಮಾಸ್ತರರು. ನಾನು ಹುಟ್ಟುವ ಮೊದಲಿನಿಂದಲೂ ಪೆಟ್ಟಿಗೆಯ ಕೀಲಿ ಅವರ ಉಡದಾರದಲ್ಲೇ ಇದೆ. ಲೆಕ್ಕವನ್ನು ಬರೆದು ಹೊರಗೆ ಹಚ್ಚೋಣವೆಂದು ನಾನು ಸಭೆಯಲ್ಲಿ ಸಲಹೆ ಕೊಟ್ಟಾಗ ಅವರು ಬೇಡವೆನ್ನಲಿಲ್ಲ. ದೇವದುರ್ಗದ ನಮ್ಮ ಮಾವನ ಚರ್ಚಿನಲ್ಲಿ ಮೈಕ್ ಸೆಟ್ಟಿನ ಲೆಕ್ಕ ಕೇಳಿದರೆ ಹಿರಿಯರೊಬ್ಬರು ದೇವರಿಗೆ ಗೊತ್ತು ಎಂದಿದ್ದರಂತೆ. ದೇವರು ಕಮಿಟಿಯಲ್ಲಿ ಇಲ್ಲವಲ್ಲ ಎಂದು ಮಾವ ಕೇಳಿ, ಮುಂದಿನ ವರ್ಷ ತಾವೂ ಕಮಿಟಿಯಲ್ಲಿ ಇಲ್ಲದಂತಾದರು. ಮಾಸ್ತರರು ಹಾಗಲ್ಲ. ಚೀಟಿಗಳನ್ನೆಲ್ಲ ನನ್ನ ಮುಂದೆ ಸುರಿದು, ಅಕ್ಷರ ಮಾತ್ರ ದುಂಡಗೆ ಬರಲಿ ಎಂದರು.

ಸುಗ್ಗಿಯ ಕೃತಜ್ಞತಾ ಆರಾಧನೆಗೆ ಜನ ಭತ್ತ, ಕುಂಬಳಕಾಯಿ, ತತ್ತಿ, ಕೋಳಿ ತರುತ್ತಾರೆ. ಆರಾಧನೆ ಮುಗಿದ ಮೇಲೆ ಅವೆಲ್ಲ ಹರಾಜಾಗುತ್ತವೆ. ಕೊಂಡವರು ದುಡ್ಡು ಕೊಟ್ಟು, ವಸ್ತುವನ್ನು ಮತ್ತೆ ದೇವರಿಗೇ ಬಿಡುವುದುಂಟು. ಆಗ ಅದೇ ವಸ್ತು ಮತ್ತೆ ಹರಾಜಿಗೆ ಬರುತ್ತದೆ. ಆ ವರ್ಷ ಬಂದದ್ದು ಒಂದೇ ಕೋಳಿ. ನಾನು ಕಚೇರಿಯ ಶಿಸ್ತಿನಲ್ಲಿ ಬರೆದೆ: ಬಂದ ಕೋಳಿ ಒಂದು, ಮಾರಾಟವಾದ ಕೋಳಿ ನಾಲ್ಕು. ರಸ್ತೆಗೆ ಕಾಣುವಂತೆ ಗೇಟಿಗೇ ಹಚ್ಚಿದೆ. ಪಾರದರ್ಶಕತೆ ಎಂದರೆ ಹಾಗಿರಬೇಕಲ್ಲವೇ?

ಗೇಟಿನ ಎದುರಿಗೆ ಖಾಜಾ ಚಾಚಾನ ಚಿಕನ್ ಅಂಗಡಿ. ಕೋಳಿಯ ವಿಷಯದಲ್ಲಿ ಅವರಷ್ಟು ಗಮನವಿಟ್ಟು ಓದುವವರು ಮಾನ್ವಿಯಲ್ಲಿ ಇನ್ನಾರಿದ್ದಾರೆ? ಮಾಸ್ತರರು ಸಂತೆ ಚೀಲ ಹಿಡಿದು ಹೋಗುವಾಗ ಚಾಚಾ ಅಂಗಡಿಯಿಂದಲೇ ಕೇಳಿದರು.

"ಮಾಸ್ತರ್, ನಮ್ಮ ದುಕಾನ್ದಾಗ ಒಂದು ಕೋಳಿ ಒಂದ ಸಲ ಮಾರತೀವ್ರಿ. ನಿಮ್ಮಲ್ಲಿ ನಾಕು ಸಲ ಮಾರತದ. ಆ ತಳಿ ನಮಗೂ ಒಂದು ಕೊಡ್ರಿ."

ಗಿರಾಕಿಗಳು ನಕ್ಕರು. ಮಾತು ಚಹಾದಂಗಡಿ ದಾಟಿ ಬಸ್ ನಿಲ್ದಾಣ ತಲುಪುವ ಹೊತ್ತಿಗೆ, ಚರ್ಚಿನಲ್ಲಿ ಮೂರು ಕೋಳಿ ಮಾಯವಾಗಿವೆ ಎಂದಾಗಿತ್ತು. ಸಂಜೆ ಮಾಸ್ತರರು ನಮ್ಮ ಮನೆಗೆ ಬಂದು, ಉಡದಾರದಿಂದ ಕೀಲಿ ಬಿಚ್ಚಿ ಮೇಜಿನ ಮೇಲಿಟ್ಟರು. ಕೊಟ್ಟ ಚಹಾ ಮುಟ್ಟಲಿಲ್ಲ. ಇಷ್ಟು ವರ್ಷ ಲೆಕ್ಕ ಯಾರಿಗೂ ಕಾಣದಿದ್ದಾಗ ಎಲ್ಲರೂ ನನ್ನನ್ನು ನಂಬಿದ್ದರು, ಕಾಣಿಸಿದ ಮೇಲೆ ಕಳ್ಳನಾದೆ ಎಂದರು. ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು, ಮೆಲ್ಲಗೆ ಹೇಳಿದರು.

ನಾನು ಕೂಡಲೇ ಹೊಸ ಹಾಳೆ ತೆಗೆದು ವಿವರಣೆ ಬರೆದೆ: ಕೋಳಿ ಒಂದೇ, ಮೊದಲ ಮೂವರು ಕೊಂಡು ಮತ್ತೆ ದೇವರಿಗೇ ಬಿಟ್ಟರು, ನಾಲ್ಕನೆಯವರು ಮನೆಗೆ ಒಯ್ದರು. ಮೂವರ ಹೆಸರನ್ನೂ ಸೇರಿಸಿದೆ. ನಾಲ್ಕನೆಯವರ ಖಾಸಗಿತನವನ್ನು ಗೌರವಿಸುವುದು ಒಳ್ಳೆಯದೆಂದು ತೋರಿತು. ಯಾಕೆಂದರೆ ನಾಲ್ಕನೆಯವರು ನಮ್ಮಪ್ಪ. ಆ ಭಾನುವಾರ ಮಧ್ಯಾಹ್ನ ತೊಡೆ ತುಂಡು ಬಿದ್ದದ್ದು ನನ್ನ ತಟ್ಟೆಗೆ.

ಮಾಸ್ತರರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಹೆಸರು ಬರಿ ಯವ್ವಾ. ಇಲ್ಲಂದ್ರ ಮಂದಿ ನಾನ ತಿಂದೀನಿ ಅಂತಾರ."

ಅಪ್ಪ ಪೇಪರಿನ ಹಿಂದೆ ಅಡಗಿದರು. ಅವ್ವ ಒಳಗಿನಿಂದಲೇ, ಮನಿ ಸಾರು ಬೀದಿಗೆ ಹಚ್ಚಾಕ ನಿನಗ ಓದಿಸಿದ್ದೇನು ಎಂದಳು. ದುಡ್ಡು ಕೊಟ್ಟೇ ಕೊಂಡದ್ದಲ್ಲವೇ, ನಾಚಿಕೆ ಯಾಕೆ ಎಂದು ನನಗೆ ನಾನೇ ಕೇಳಿಕೊಂಡೆ. ಬರೆದೆ, ಅಪ್ಪನ ಪೂರ್ತಿ ಹೆಸರು, ದುಂಡಗೆ. ಮಾಸ್ತರರು ಕೀಲಿ ಎತ್ತಿಕೊಂಡು, ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಹೋದರು.

ಮರುದಿನ ಬೆಳಿಗ್ಗೆ ಹಾಳೆ ಹಚ್ಚಿ ನಾನು ಬಸ್ಸಿಗೆ ಓಡುತ್ತಿದ್ದೆ. ಚಾಚಾ ಅಷ್ಟರಲ್ಲೇ ಓದಿ ಮುಗಿಸಿದ್ದರು.

"ಬೇಟಿ, ಲೆಕ್ಕ ಬರೋಬ್ಬರಿ ಅದ. ಮಾಸ್ತರಿಗೆ ನಾನ ಹೋಗಿ ಮಾಫಿ ಕೇಳತೀನಿ. ಸಾರು ಹೆಂಗಾಗಿತ್ತು?"

ಗಿರಾಕಿಗಳೆಲ್ಲ ನನ್ನತ್ತ ತಿರುಗಿದರು. ಸುಮ್ಮನೆ ನಕ್ಕು ಮುಂದೆ ಹೋಗಬಹುದಿತ್ತು. ಆದರೆ ಲೆಕ್ಕ ಅರ್ಧಕ್ಕೆ ಬಿಟ್ಟು ನನಗೆ ಅಭ್ಯಾಸವಿಲ್ಲ.

"ಉಪ್ಪು ಜರಾ ಜಾಸ್ತಿ ಆಗಿತ್ತು ಚಾಚಾ" ಎಂದೆ.

ಸಂಜೆ ನಾನು ಮನೆ ತಲುಪುವ ಮೊದಲೇ ಅದು ಅವ್ವನಿಗೆ ತಲುಪಿತ್ತು.