ಕಡೆಯ ಜಾಗದ ಹಕ್ಕುದಾರರು

ಮುಂದಿನ ಸಾಲಿಗಾಗಿ ಕಿತ್ತಾಡುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಕಡೆಯ ಜಾಗಕ್ಕಾಗಿ ಕಿತ್ತಾಡಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನಮ್ಮ ದೊಡ್ಡಪ್ಪ!

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಮಾಗಡಿ ರಸ್ತೆಯ ಬದಿಗೆ ನಮ್ಮದೊಂದು ಹೆಂಚಿನ ದೇವಾಲಯ. ಹೊರಗೆ ಎತ್ತಿನ ಗಾಡಿಗಳು ಸಾಲುಗಟ್ಟಿದರೆ ಒಳಗೆ ಅಯ್ಯನವರ, ಅಂದರೆ ನಮ್ಮ ಪಾದ್ರಿಗಳ, ಪ್ರಸಂಗ ಯಾರಿಗೂ ಕೇಳಿಸುತ್ತಿರಲಿಲ್ಲ. ಗಿರಣಿ ಕೆಲಸದ ದೊಡ್ಡಪ್ಪ ಭಾನುವಾರ ಇಸ್ತ್ರಿ ಕೋಟು ತೊಟ್ಟು, ರುಮಾಲು ಸುತ್ತಿ, ಮದುವಣಿಗನ ಹಾಗೆ ಬರುತ್ತಿದ್ದರು. ಬಂದು ಕೂರುತ್ತಿದ್ದುದೆಲ್ಲಿ ಅಂತೀರಿ? ಬಾಗಿಲಾಚೆಯ ಮೆಟ್ಟಿಲ ಮೇಲೆ, ಚಪ್ಪಲಿಗಳ ನಡುವೆ!

ಒಂದು ಭಾನುವಾರ ಹೊಸಹಳ್ಳಿಯ ತೋಟದ ಮಾಲಿಯೊಬ್ಬ ಅವರಿಗಿಂತ ಮೊದಲೇ ಬಂದು ಅಲ್ಲಿ ಕೂತುಬಿಟ್ಟಿದ್ದ.

“ಏಳಯ್ಯ, ಅದು ನನ್ನ ಜಾಗ.”

“ಒಳಗೆ ಬೆಂಚೆಲ್ಲ ಖಾಲಿ ಬಿದ್ದವಲ್ಲ, ಯಜಮಾನ್ರೇ.”

“ನನ್ನಂಥ ಪಾಪಿ ಬೆಂಚಿನ ಮೇಲೆ ಕೂತ್ಕೋತಾನೇನಯ್ಯ?”

“ನಾನೇನು ನಿಮಗಿಂತ ಕಮ್ಮಿ ಪಾಪೀನಾ?”

“ನೀನಾ? ಮುಖ ನೋಡಿದ್ರೇ ಗೊತ್ತಾಗುತ್ತೆ. ನೀನೇನ್ ಮಹಾ ಪಾಪ ಮಾಡಿರ್ತೀಯ!”

ಮಾಲಿಗೆ ಅವಮಾನವಾಯಿತು. ಏಳಲೇ ಇಲ್ಲ. ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿಕೊಂಡು ಒಂದೇ ಮೆಟ್ಟಿಲ ಮೇಲೆ ಒತ್ತಿ ಕೂತರು. ಒಳಗೆ ಅಯ್ಯನವರ ಪ್ರಸಂಗ ಯಾವುದರ ಮೇಲೆ? ದೀನತೆಯ ಮೇಲೆ!

“ತಗ್ಗೋದರಲ್ಲೂ ನಮ್ಮ ಯಜಮಾನರಿಗೆ ಮೊದಲನೇ ಬಹುಮಾನವೇ ಬೇಕು” ಎಂದು ದೊಡ್ಡಮ್ಮ ಹಣೆ ಚಚ್ಚಿಕೊಂಡರು.

ಸುಗ್ಗಿ ಹಬ್ಬದ ದಿನ ಆರಾಧನೆ ಮುಗಿದ ಮೇಲೆ ಸಭೆಗೆಲ್ಲ ಪ್ರೇಮಭೋಜನ. ಕಡೆಯ ಪಂಕ್ತಿಯ ಕಡೆಯ ಎಲೆ ದೊಡ್ಡಪ್ಪನದು. ಬಡಿಸುವವರು ಅಲ್ಲಿಗೆ ತಲುಪುವಷ್ಟರಲ್ಲಿ ಪಾತ್ರೆಯಲ್ಲಿ ಕೋಳಿಯ ನೆನಪು ಮಾತ್ರ ಉಳಿದಿರುತ್ತಿತ್ತು. “ಕರಿಬೇವು ಸಿಕ್ತಲ್ಲ, ನನ್ನ ಯೋಗ್ಯತೆಗೆ ಅದೇ ಕೃಪೆ” ಎಂದು ಕೈ ತೊಳೆಯುತ್ತಿದ್ದರು. ಮನೆಗೆ ಬಂದು ರುಮಾಲು ಬಿಚ್ಚುವ ಮೊದಲೇ, “ಏನೇ, ಮುದ್ದೆ ಏನಾದ್ರೂ ಉಳಿದಿದೆಯಾ?”

ಹೀಗೆ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ನಗದವರು ದೊಡ್ಡಮ್ಮ ಒಬ್ಬರೇ. ಆಡಿಕೊಳ್ಳುತ್ತಿದ್ದರು, ನಗುತ್ತಿರಲಿಲ್ಲ. ನಮ್ಮಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ ಕೂತರೂ ಯೇಸುವಿನ ಕಡೆಯ ಊಟದ ನೆನಪಿಗೆ ತಿಂಗಳಿಗೊಮ್ಮೆ ಕೊಡುವ ಪ್ರಭುಭೋಜನದ ರೊಟ್ಟಿ ತೆಗೆದುಕೊಳ್ಳುವಾಗ ಮಾತ್ರ ಗಂಡಹೆಂಡಿರು ಜೊತೆಯಾಗಿ ಮುಂದೆ ಹೋಗಿ ಪೀಠದ ಮುಂದಿನ ಕಟಕಟೆಯ ಹತ್ತಿರ ಮೊಣಕಾಲೂರುವುದು ರೂಢಿ. ದೊಡ್ಡಮ್ಮ ಒಂಟಿಯಾಗಿ ಹೋಗುತ್ತಿದ್ದರು. ಪಕ್ಕದಲ್ಲಿ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟು ಮೊಣಕಾಲೂರುತ್ತಿದ್ದರು. ಗಂಡ ಒಂದು ಸಲವಾದರೂ ಅಲ್ಲಿಗೆ ಬರಬೇಕು, ಅವರಿಗೆ ಬೇರೆ ಆಸೆಯೇ ಇರಲಿಲ್ಲ.

ಒಂದು ಕಾಲದಲ್ಲಿ ದೊಡ್ಡಪ್ಪ ಮುಂದಿನ ಬೆಂಚಿನವರೇ. ಹಾರ್ಮೋನಿಯಂ ಕೇಳಿಸದ ಹಾಗೆ ಹಾಡುತ್ತಿದ್ದವರು! ಅವರಿಗೊಬ್ಬಳೇ ಮಗಳು. ಅವಳಿಗೆ ವಿಷಮಶೀತ ಜ್ವರ ಬಂದಾಗ ಅದೇ ಬೆಂಚಿನ ಮುಂದೆ ಊರಿದ ಮೊಣಕಾಲು ಎತ್ತದೆ ಬೇಡಿಕೊಂಡರು. ಮಗು ಉಳಿಯಲಿಲ್ಲ. ಮಣ್ಣು ಮಾಡಿದ ಮೇಲಿನ ಭಾನುವಾರ, ತುಂಬಿದ ಸಭೆಯಲ್ಲಿ ಎದ್ದು ನಿಂತು, “ಬೇಡಿದ್ದನ್ನ ಕೊಡದವನ ಮನೇಲಿ ನನಗೇನು ಕೆಲಸ!” ಎಂದು ಕೂಗಿ ಹೊರಟುಹೋದರು. ಎಷ್ಟೋ ಕಾಲದ ಮೇಲೆ ತಿರುಗಿ ಬಂದರು, ಮೆಟ್ಟಿಲವರೆಗೆ.

“ಬೈದ ಬಾಯಿಗೆ ಆ ರೊಟ್ಟಿ ಹೆಂಗೆ ಹಾಕ್ಕೊಳ್ಳೇ?” ಎಂದು ದೊಡ್ಡಮ್ಮನನ್ನು ಕೇಳಿದ್ದರಂತೆ.

ಆಮೇಲೆ ದೊಡ್ಡಮ್ಮನೇ ಸೊರಗಿದರು. ಹೊಟ್ಟೆಯೊಳಗೆ ಗೆಡ್ಡೆ ಬೆಳೆದಿತ್ತು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದುಬಿಟ್ಟರು. ಆ ತಿಂಗಳ ಪ್ರಭುಭೋಜನಕ್ಕೆ ದೊಡ್ಡಪ್ಪ ಅವರನ್ನು ಜಟಕಾದಲ್ಲಿ ಕರೆತಂದರು. ಇಳಿದ ದೊಡ್ಡಮ್ಮನಿಗೆ ಬಾಗಿಲು ದಾಟಲು ತ್ರಾಣವಿರಲಿಲ್ಲ. ಚಪ್ಪಲಿಗಳನ್ನು ಸರಿಸಿ ಮೆಟ್ಟಿಲ ಮೇಲೇ ಗಂಡನ ಪಕ್ಕ ಕೂತರು. ಆ ಜಗಳದ ದಿನದಿಂದ ಅಲ್ಲೇ ಕೂರುತ್ತಿದ್ದ ಮಾಲಿ ಎದ್ದು ಜಾಗ ಬಿಟ್ಟ.

ಎಲ್ಲರಿಗೂ ಕೊಟ್ಟಾದ ಮೇಲೆ ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಬೆಂಚುಗಳ ನಡುವೆ ನಡೆದು ಬಾಗಿಲಿಗೇ ಬಂದರು. ದೊಡ್ಡಮ್ಮನಿಗೆ ಕೊಟ್ಟರು. ಕೊಟ್ಟು ತಿರುಗಲಿಲ್ಲ, ದೊಡ್ಡಪ್ಪನ ಮುಂದೆ ನಿಂತರು.

“ನನಗೆ ಯೋಗ್ಯತೆ ಇಲ್ಲ, ಅಯ್ಯನವರೇ. ನಾನು ಬೈದಿದೀನಿ.”

“ಕೇಳಿಸ್ಕೊಂಡಿದೀನಪ್ಪ. ಆತನೂ ಕೇಳಿಸ್ಕೊಂಡಿದಾನೆ. ಕೇಳಿಸ್ಕೊಂಡೇ ಇದನ್ನ ಕಳಿಸಿದಾನೆ.”

ದೊಡ್ಡಪ್ಪ ತಲೆ ಎತ್ತಲಿಲ್ಲ. ಆಗ ದೊಡ್ಡಮ್ಮ, ಉಸಿರಿಗೂ ಕಷ್ಟಪಡುತ್ತಿದ್ದವರು, ಮನೆಯಲ್ಲಿ ಗದರುವ ಧಾಟಿಯಲ್ಲೇ ಅಂದರು:

“ಇಸ್ಕೊಳ್ರೀ. ಅವರಿಗೆ ಕೈ ನೋಯ್ತಾ ಇದೆ.”

ಗಿರಣಿಯಲ್ಲಿ ಜಡ್ಡುಗಟ್ಟಿದ ಆ ಎರಡು ಕೈಗಳು ಮೇಲೆದ್ದವು. ರೊಟ್ಟಿಯ ಚೂರು ಬಾಯಿಗೆ ಹೋಗುವ ಮೊದಲೇ ಕಣ್ಣೀರಿಗೆ ನೆನೆದಿತ್ತು.

ಮುಂದಿನ ಪ್ರಭುಭೋಜನದ ಹೊತ್ತಿಗೆ ದೊಡ್ಡಮ್ಮ ಮಗಳ ಪಕ್ಕ ಮಣ್ಣಿನಲ್ಲಿದ್ದರು. ದೊಡ್ಡಪ್ಪ ಒಬ್ಬರೇ ಬಂದರು. ಮಾಲಿ ಮೆಟ್ಟಿಲ ಮೇಲೆ ಅವರಿಗಾಗಿ ಟವೆಲ್ಲು ಹಾಸಿಟ್ಟಿದ್ದ.

“ಬನ್ನಿ ಯಜಮಾನ್ರೇ, ನಿಮ್ಮ ಜಾಗ.”

“ಇವತ್ತು ನೀನೇ ಇಟ್ಕೊಳ್ಳಯ್ಯ” ಎಂದು ಅವನ ಭುಜ ಮುಟ್ಟಿ ಒಳಗೆ ನಡೆದರು. ಕಟಕಟೆಯ ಹತ್ತಿರ ಮೊಣಕಾಲೂರಿದರು, ಪಕ್ಕದಲ್ಲಿ ಒಬ್ಬರು ಹಿಡಿಸುವಷ್ಟು ಜಾಗ ಬಿಟ್ಟು.